ಪರ್ತಿನಲ್ಲಿ ಚೆಕಿಂಗ್

ವಿಮಾನದೊಳಗೇ ಒಂದು ಚೀಟಿ ಕೊಟ್ಟರು,
ಉದ್ದಕ್ಕೆ, ನಮ್ಮ ಡಿಪೋದ ವೇಬಿಲ್ಲಿನ ಹಾಗೆ.
ಹೌದು, ಇಲ್ಲ. ಹೌದು, ಇಲ್ಲ.
ಒಂದೊಂದು ಪ್ರಶ್ನೆಗೂ ಎರಡೇ ಕಿಂಡಿ,
ಚಿಲ್ಲರೆ ಇಲ್ಲದ ಲೆಕ್ಕ.

ಮಾಂಸ ಇದೆಯೆ, ಮೊಟ್ಟೆ ಇದೆಯೆ, ಬೀಜ ಇದೆಯೆ,
ಬಂದೂಕು ಇದೆಯೆ,
ಹತ್ತು ಸಾವಿರ ಡಾಲರು ಇದೆಯೆ?
ನಕ್ಕೆ. ಪಕ್ಕದ ಸೀಟು ಖಾಲಿ.
ನಕ್ಕಿದ್ದು ನನಗೊಬ್ಬಳಿಗೇ ಕೇಳಿಸಿತು.

ಮಣ್ಣು ಇದೆಯೆ? ಮಣ್ಣು ಹತ್ತಿದ ಪಾದರಕ್ಷೆ?
ಪೆನ್ನು ಅಲ್ಲಿ ನಿಂತಿತು,
ರೈಲ್ವೆ ಗೇಟಿನ ಮುಂದೆ ಬಸ್ಸು ನಿಂತ ಹಾಗೆ.

ಗದಗ ಡಿಪೋದಲ್ಲಿ ಇಪ್ಪತ್ತನಾಲ್ಕು ವರ್ಷ
ನಾನೂ ನೀಲವ್ವನೂ ಕಂಡಕ್ಟರು.
ರೋಣ, ನರಗುಂದ, ಶಿರಹಟ್ಟಿ, ಲಕ್ಷ್ಮೇಶ್ವರ;
ಎಲ್ಲ ಊರಿಗೂ ಹೋದವರು, ಯಾವ ಊರೊಳಗೂ ಹೊಕ್ಕವರಲ್ಲ.
ಹತ್ತು ನಿಮಿಷ ನಿಂತು, ಚಹಾ ಕುಡಿದು, ರೈಟ್ ರೈಟ್.
"ಒಮ್ಮೆ ಎಲ್ಲಾದ್ರೂ ಹೋಗಿ ಇಳೀಬೇಕವಾ" ಅಂದವಳು ಅವಳು.
"ಕೊನೇ ಸ್ಟಾಪಿಗೆ. ಅದರಾಚೆ ಬರೇ ಸಮುದ್ರ ಇರಬೇಕು."

ಹುಬ್ಬಳ್ಳಿಯ ಏಜೆಂಟು ಕೇಳಿದ
ಆರು ತಿಂಗಳ ಬ್ಯಾಂಕಿನ ಲೆಕ್ಕ, ಪಿಂಚಣಿಯ ಆದೇಶ,
ನಗದೆ ತೆಗೆಸಿದ ಫೋಟೋ.
ಇಬ್ಬರ ಹುಟ್ಟಿದ ದಿನವೂ ಜೂನ್ ಒಂದು,
ಸಾಲಿ ಮಾಸ್ತರರ ದಯೆ.
"ಅವಳಿ ಜವಳಿ ಏನ್ರಿ?"
"ಹೌದಪಾ, ಒಂದೇ ಪೆನ್ನಿಗೆ ಹುಟ್ಟೇವಿ."

ತಿರುಗಿ ಬರುತ್ತೀರಿ ಅನ್ನುವುದಕ್ಕೆ ಪುರಾವೆ?
ನಾನು ಮನೆಯ ಉತಾರ ಕೊಟ್ಟೆ.
ಅವಳಿಗೆ ಸಿಟ್ಟು ಬಂತು:
"ನಮ್ಮ ಡಿಪೋದಾಗ ಕೇಳು ತಮ್ಮಾ,
ಹೋದ ಗಾಡಿ ಒಂದಾದ್ರೂ
ನನ್ನ ಬಿಟ್ಟು ಬಂದೈತೇನು?"

ವೀಸಾ ಬಂತು, ಫೋನಿನಲ್ಲಿ. ಮುದ್ರೆಯಿಲ್ಲ,
ತೂತು ಹೊಡೆಯಲು ಕಾಗದವೇ ಇಲ್ಲ.
ಮೂರು ತಿಂಗಳು ಇರಬಹುದು.
ಷರತ್ತು: ಕೆಲಸ ಮಾಡಕೂಡದು.
ಎರಡು ಸಲ ಓದಿಸಿ ಕೇಳಿದೆ.
ನನಗೆ ಹೀಗೆ ಬರೆದುಕೊಟ್ಟ ಸರಕಾರ
ಇದೊಂದೇ.

ಅವಳದು ಬಂದದ್ದು ನಾಲ್ಕು ದಿನ ತಡವಾಗಿ.
ಆಗ ಅವಳ ಫೋನು ತಂಗಿಯ ಸೊಂಟದಲ್ಲಿತ್ತು.
ಮಾತಾಡಿಸಲು ಬಂದವರು ಕೂತಿದ್ದ ಪಡಸಾಲೆಯಲ್ಲಿ
ಟಣ್ ಅಂದಿತು.
ಟಿಕೆಟ್ಟಿನ ದುಡ್ಡು ವಾಪಸ್ಸಿಲ್ಲ ಅಂದ ಏಜೆಂಟು.
ಇರಲಿ, ನಾವೂ ಎಷ್ಟೋ ಜನಕ್ಕೆ ಹಾಗೇ ಅಂದಿದ್ದೇವೆ.

ಹೊರಡುವ ಹಿಂದಿನ ದಿನ ಮಳೆ.
ಅವಳನ್ನಿಟ್ಟ ಜಾಗ ಇನ್ನೂ ಕುಸಿಯುತ್ತಿತ್ತು.
ಹೊಸ ಬೂಟಿನಲ್ಲೇ ಹೋಗಿದ್ದೆ, ಅವಳೇ ಆರಿಸಿದ್ದು.
ಎರೆ ಮಣ್ಣು ಗೊತ್ತಲ್ಲ,
ಹತ್ತಿದರೆ ಬಿಡುವ ಜಾತಿಯಲ್ಲ.

ಟಿಕೆಟ್ಟಿಲ್ಲದವರನ್ನು ಮುಖ ನೋಡಿ ಹಿಡಿಯುತ್ತಿದ್ದೆ:
ಕಿಟಕಿಯಾಚೆ ನೋಡುತ್ತಾರೆ, ನಿದ್ದೆ ನಟಿಸುತ್ತಾರೆ.
ನಾನು ಕಿಟಕಿಯಾಚೆ ನೋಡಲಿಲ್ಲ.
ಹೌದು ಎಂಬ ಕಿಂಡಿಯೊಳಗೆ ಗೀಟು ಎಳೆದೆ.

ಪರ್ತಿನಲ್ಲಿ ನನಗೆ ಬೇರೆ ಸಾಲು.
ನಾಯಿಯೊಂದು ಮೂಸಿ ಮುಂದೆ ಹೋಯಿತು.
ಎದೆಯ ಬಿಲ್ಲೆಯ ಮೇಲೆ ಲಿಯೆನ್ ಎಂದಿದ್ದ ಹುಡುಗಿ
ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿ, ನೋಡಿ, ಮುಚ್ಚಿಕೊಟ್ಟಳು.
ಆಮೇಲೆ ಬೂಟು.
ಎಲ್ಲಿಯ ಮಣ್ಣು? ಹೊಲದ್ದೆ?
ನನ್ನ ಇಂಗ್ಲಿಷು ಬಸ್ಸಿನಷ್ಟೇ: ಫುಲ್, ಹಾಫ್, ಲಗೇಜ್.
"ಫ್ರೆಂಡ್" ಅಂದೆ.

ಏನು ತಿಳಿದಳೋ. ತೊಟ್ಟಿಯ ಬಳಿ ಒಯ್ದು
ಬ್ರಷ್ಷು ಹಿಡಿದು ಗೀರುಗೀರಿನೊಳಗೂ ತಿಕ್ಕಿದಳು.
ಬರಿಗಾಲಲ್ಲಿ ನಿಂತು ನೋಡಿದೆ,
ಕಪ್ಪು ನೀರು, ಬೂದು ನೀರು, ಆಮೇಲೆ ನೀರು.
ಕಾಗದದಿಂದ ಒರೆಸಿ
ಜೋಡಿ ಸರಿಮಾಡಿ ಕಾಲ ಮುಂದೆ ಇಟ್ಟಳು.
ಒಳಗಿನ್ನೂ ತಣ್ಣಗಿತ್ತು.

ಹೊರಗೆ ಟೂರಿನ ಬಸ್ಸು. ಕಂಡಕ್ಟರಿಲ್ಲ.
ಅಭ್ಯಾಸ, ತಲೆ ಎಣಿಸಿದೆ. ಹದಿನೇಳು.
ಪಟ್ಟಿಯಲ್ಲಿ ಹದಿನೆಂಟು.
ಇನ್ನೊಮ್ಮೆ ಎಣಿಸಲು ಹೊರಟವಳು
ಷರತ್ತು ನೆನಪಾಗಿ
ಕೈ ಕಟ್ಟಿ ಕೂತೆ.
ರೈಟ್ ಅನ್ನುವವರಿಲ್ಲದೆ
ಬಸ್ಸು ಹೊರಟಿತು.